ಪರರ ಹೆಸರು ಹೊತ್ತು ಹಬ್ಬಕ್ಕೆ

ಮಳೆಗಾಲದ ಮೋಡಗಳು ಬೆಂಗಳೂರಿನ ಮೇಲೆ ಇನ್ನೂ ಕರಗದೆ ನಿಂತಿರುವ ದಿನಗಳಲ್ಲಿ, ಒಂದು ಕಡೆ ಗಣಪತಿಯ ವಿಸರ್ಜನೆಯ ತಮಟೆ ಬೀದಿಬೀದಿಯಲ್ಲಿ ಮೊಳಗುತ್ತಿರುವಾಗಲೇ, ಇನ್ನೊಂದು ಕಡೆ ಕಾವಿ ಬಟ್ಟೆಯುಟ್ಟು ಶಿವಾಜಿನಗರದ ದಿಕ್ಕಿಗೆ ನಡೆಯುವ ಜನರ ಸಾಲುಗಳು ಕಾಣಿಸಿಕೊಳ್ಳತೊಡಗುತ್ತವೆ. ಊರಿಗೆ ಹೊಸಬರಾದವರು ಅವರನ್ನು ಯಾವುದೋ ಬೆಟ್ಟದ ದೇವರ ಒಕ್ಕಲೆಂದು ಭಾವಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರು ಹೊರಟಿರುವುದು ಸಂತ ಮರಿಯಮ್ಮನವರ ಬೆಸಿಲಿಕಕ್ಕೆ. ಆಗಸ್ಟ್ 29ರಂದು ಅಲ್ಲಿ ಧ್ವಜವೇರುತ್ತದೆ. ಬಳಿಕ ನೊವೇನ, ಅಂದರೆ ನವದಿನಗಳ ಪ್ರಾರ್ಥನೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ, ಮುಂಜಾನೆಯಿಂದ ಒಂದಾದ ಮೇಲೊಂದು ಬಲಿಪೂಜೆ (ಇಂಗ್ಲಿಷಿನಲ್ಲಿ ಮಾಸ್), ಸಂಜೆ ತೇರು. ಕಡಲತೀರದ ಕ್ರೈಸ್ತರು ಅದೇ ದಿನ ಮೊಂತಿ ಹಬ್ಬವೆಂದು ಹೊಸ ತೆನೆಯನ್ನು ಮನೆತುಂಬಿಸಿಕೊಂಡು ಹೊಸ ಅಕ್ಕಿಯ ಊಟಮಾಡುತ್ತಾರೆ. ತಮಿಳುನಾಡಿನ ವೇಳಾಂಗಣ್ಣಿಯಲ್ಲಿಯೂ ಅದೇ ದಿನ ಮಹೋತ್ಸವ.

ಇಂಥ ಹಬ್ಬದ ಜನಸಾಗರವನ್ನು ದೂರದಿಂದ ನೋಡುವವನಿಗೆ ಅಲ್ಲಿ ಕಾಣುವುದು ಅಸಂಖ್ಯಾತವಾದ ಸ್ವಂತ ಹರಕೆಗಳ ಸಮೂಹ. ಒಬ್ಬಳಿಗೆ ಸಂತಾನ, ಒಬ್ಬನಿಗೆ ನೌಕರಿ, ಮತ್ತೊಬ್ಬರಿಗೆ ವಾಸಿಯಾಗದ ರೋಗದಿಂದ ಬಿಡುಗಡೆ. ತಮ್ಮ ತಮ್ಮ ಸಂಕಟವನ್ನು ತಾವೇ ಹೊತ್ತು ತಂದ ಸಾವಿರಾರು ಜನ ಒಂದೇ ಅಂಗಳದಲ್ಲಿ ನಿಂತಿದ್ದಾರೆ, ಅಷ್ಟೆ ಎಂದು ತೋರುತ್ತದೆ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ತಮಗಾಗಿ ಏನನ್ನೂ ಬೇಡದೆ, ಹಾಸಿಗೆ ಹಿಡಿದವರ, ಮನೆಯ ಹೊಸಿಲು ದಾಟಲಾರದವರ, ಕೇಳಿಕೊಳ್ಳಲು ಬಾಯಿಲ್ಲದವರ ಹೆಸರುಗಳನ್ನು ಹೊತ್ತುಕೊಂಡು ಹೋಗುವ ಒಂದು ಸಣ್ಣ ಗುಂಪಿನೊಡನೆ ಆ ಹಬ್ಬದ ಪೂಜೆಗೆ ಹೋದ ಮೇಲೆ, ಆ ಜನಸಂದಣಿಯೊಳಗೆ ಹರಿಯುವ ಇನ್ನೊಂದು ಬಗೆಯ ಭಕ್ತಿಯ ಅರಿವು ನನಗುಂಟಾಯಿತು. ಈ ಲೇಖನ ಆ ಎರಡನೆಯ ಭಕ್ತಿಯನ್ನು ಕುರಿತದ್ದು.

ಆ ಗುಂಪಿನವರ ನೆಲೆಯಾದ, ಮೈಸೂರು ರಸ್ತೆಯ ಮಗ್ಗುಲಿನ ದೀಪಾಂಜಲಿ ನಗರವನ್ನು ಯಾರೂ ಕ್ಷೇತ್ರಗಳ ಪಟ್ಟಿಗೆ ಸೇರಿಸಲಾರರು. ಒಂದು ಬದಿಗೆ ಕಾರ್ಖಾನೆ, ಬಸ್ ಡಿಪೋ. ನೆತ್ತಿಯ ಮೇಲೆ ಮೆಟ್ರೊ ಸೇತುವೆ. ಸಮೀಪದಲ್ಲಿಯೇ, ಒಂದಾನೊಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದು ಈಗ ನಗರದ ಕೊಳೆಯನ್ನೆಲ್ಲ ಹೊತ್ತು ಹರಿಯುವ ವೃಷಭಾವತಿ. ಬ್ಯಾಟರಾಯನಪುರದ ಗಾಳಿ ಆಂಜನೇಯನಿಗೆ ಈ ರಸ್ತೆಯ ಪಯಣಿಗರು ಕೈಮುಗಿದು ಮುಂದುವರಿಯುವುದು ಹಳೆಯ ವಾಡಿಕೆ. ಅದೇ ರಸ್ತೆಯಲ್ಲಿ ಊರಿನ ಕಡೆಗೆ ನಡೆದರೆ ಬ್ರಿಯಾಂಡ್ ಚೌಕದ ಸಂತ ಜೋಸೆಫರ ದೇವಾಲಯವೂ ಇದೆ. ಕೂಲಿ, ಕಾರ್ಖಾನೆ, ಕಛೇರಿಗಳನ್ನು ನಂಬಿ ಹಳ್ಳಿಗಳಿಂದ ಬಂದವರು ಇಲ್ಲಿ ಬೀಡುಬಿಟ್ಟರು. ಅವರಲ್ಲಿ ಕನ್ನಡವೇ ಮನೆಮಾತಾದ ಕಥೋಲಿಕ ಕುಟುಂಬಗಳೂ ಉಂಟು. ಕ್ರೈಸ್ತನೆಂದರೆ ಇಂಗ್ಲಿಷನ್ನೋ ಕೊಂಕಣಿಯನ್ನೋ ತಮಿಳನ್ನೋ ಆಡುವವನೆಂದು ನಂಬಿರುವ ನಗರವಾಸಿಗಳಿಗೆ, ಕನಕಪುರ ಸೀಮೆಯ ಹಾರೋಬೆಲೆ, ಮರಿಯಾಪುರದಂಥ ಗ್ರಾಮಗಳಲ್ಲಿ ತಲೆಮಾರುಗಳಿಂದ ಕನ್ನಡದಲ್ಲಿಯೇ ಜಪಸರ ಹೇಳುತ್ತ ರಾಗಿ ಬೆಳೆಯುವ ಒಕ್ಕಲುಗಳಿರುವ ಸಂಗತಿ ತಿಳಿದಿರುವುದಿಲ್ಲ. ಆ ಪರಂಪರೆಯ ಮೂಲ ಹದಿನೇಳನೆಯ ಶತಮಾನದ ನಡುಭಾಗಕ್ಕೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರೆಗೆ ಹೋಗುತ್ತದೆ.

ನಾನು ಹೇಳಿದ ಗುಂಪು ಇಂಥ ಮನೆಗಳಿಂದ ಕೂಡಿದ್ದು. ನಿವೃತ್ತ ಉಪಾಧ್ಯಾಯಿನಿಯೊಬ್ಬರು ಅದರ ಮುಖ್ಯಸ್ಥೆ. ಬಡಾವಣೆಗೆಲ್ಲ ಅವರು ಟೀಚರಮ್ಮ. ಉಳಿದವರಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಡಿಪೋದಿಂದ ನಿವೃತ್ತರಾದ ಹಿರಿಯರು, ಕಾಲೇಜಿಗೆ ಹೋಗುವ ತರುಣರು. ಲೀಜನ್ ಆಫ್ ಮೇರಿ, ಅಂದರೆ ಮರಿಯಮ್ಮನ ಸೇನೆ ಎಂಬ ಜಗದ್ವ್ಯಾಪಿಯಾದ ಸಂಘದ ಒಂದು ಪುಟ್ಟ ಘಟಕ ಇದು. ಈ ಸಂಘದ ಜನನವೃತ್ತಾಂತ ಈ ಹಬ್ಬದೊಡನೆ ವಿಚಿತ್ರವಾಗಿ ಹೆಣೆದುಕೊಂಡಿದೆ. 1921ರ ಸೆಪ್ಟೆಂಬರ್ 7ರ ಸಂಜೆ, ಮರಿಯಮ್ಮನ ಜನನೋತ್ಸವದ ಮುನ್ನಾದಿನ, ಐರ್ಲೆಂಡಿನ ಡಬ್ಲಿನ್ ನಗರದ ಫ್ರಾನ್ಸಿಸ್ ಬೀದಿಯ ಒಂದು ಮನೆಯಲ್ಲಿ, ಸರ್ಕಾರಿ ಕಛೇರಿಯ ನೌಕರನಾಗಿದ್ದ ಫ್ರಾಂಕ್ ಡಫ್ ಮತ್ತು ಕೆಲವರು ತರುಣಿಯರು ಸೇರಿ, ನಗರದ ದೊಡ್ಡ ಅನಾಥಾಸ್ಪತ್ರೆಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ರೋಗಿಗಳನ್ನು ಕಂಡುಬರುವ ನಿಶ್ಚಯ ಮಾಡಿದರು. ಅಂದಿನ ಮೇಜಿನ ಮೇಲೆ ಬಿಳಿಯ ವಸ್ತ್ರ, ಮಾತೆಯ ಪ್ರತಿಮೆ, ಎರಡು ಮೋಂಬತ್ತಿ, ಎರಡು ಹೂದಾನಿ. ಇಂದಿಗೂ, ದೀಪಾಂಜಲಿ ನಗರದ ಒಂದು ಮನೆಯ ನಡುಕೋಣೆಯಲ್ಲಿ ಈ ಗುಂಪು ವಾರಕ್ಕೊಮ್ಮೆ ಕೂಡುವಾಗ, ಮೇಜಿನ ಮೇಲೆ ಅದೇ ವಸ್ತ್ರ, ಅದೇ ಪ್ರತಿಮೆ, ಅದೇ ಎರಡು ದೀಪಗಳು.

ಸಂಘದ ನಿಯಮಗಳು ನೋಡುವುದಕ್ಕೆ ಶುಷ್ಕವಾದವು. ಮೊದಲು ಜಪಸರ, ಬಳಿಕ ಹಿಂದಿನ ವಾರದ ನಡವಳಿಯ ವಾಚನ, ಅನಂತರ ಪ್ರತಿಯೊಬ್ಬ ಸದಸ್ಯನೂ ತನಗೆ ಒಪ್ಪಿಸಿದ ಕೆಲಸವನ್ನು ಮಾಡಿದನೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ನಿವೇದಿಸಬೇಕು. ಕೆಲಸಕ್ಕೆ ಒಬ್ಬರೇ ಹೋಗಕೂಡದು, ಇಬ್ಬಿಬ್ಬರಾಗಿ ಹೋಗಬೇಕು. ಸಭೆಯಲ್ಲಿ ಕೇಳಿದ ಮನೆಯ ಗುಟ್ಟು ಸಭೆಯಲ್ಲಿಯೇ ಉಳಿಯಬೇಕು. ಎಲ್ಲಕ್ಕಿಂತ ಸೋಜಿಗದ ನಿಯಮವೆಂದರೆ, ಹೋದ ಮನೆಗೆ ಹಣವನ್ನಾಗಲಿ ವಸ್ತುವನ್ನಾಗಲಿ ಕೊಡುವುದು ನಿಷಿದ್ಧ. ದಾನಕ್ಕೆ ಬೇರೆ ಸಂಘಗಳುಂಟು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರೊಡನೆ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಆ ಕಾರ್ಯವನ್ನು ಮಾಡುತ್ತದೆ. ಮರಿಯಮ್ಮನ ಸೇನೆಯವರು ಕೊಡಬಹುದಾದದ್ದು ತಮ್ಮ ಹೊತ್ತನ್ನು, ತಮ್ಮ ಕಿವಿಯನ್ನು, ಕೊನೆಗೆ ತಮ್ಮ ಪ್ರಾರ್ಥನೆಯನ್ನು. “ಕೈಯಲ್ಲಿ ಏನೂ ಇಲ್ದೆ ಹೋದ್ರೇನೇ ಸಾರ್, ಅವರ ಮಾತು ಕೇಳಕ್ಕೆ ಆಗೋದು” ಎಂದರು ಟೀಚರಮ್ಮ.

ಅವರ ಕೈಚೀಲದಲ್ಲಿ ಸದಾ ಒಂದು ನೋಟ್ ಪುಸ್ತಕವಿರುತ್ತದೆ. ವರ್ಷವಿಡೀ ಕಂಡುಬಂದ ಮನೆಗಳ ಹೆಸರುಗಳು ಅದರಲ್ಲಿವೆ. ವಿವರಗಳನ್ನು ಅವರು ಯಾರಿಗೂ ತೋರಿಸುವುದಿಲ್ಲ. ಆದರೆ ಅದರೊಳಗೆ ಕ್ರೈಸ್ತರ ಹೆಸರುಗಳಷ್ಟೇ ಇಲ್ಲವೆಂಬುದನ್ನು ಮಾತ್ರ ಹೇಳಿದರು. ಪಾರ್ಶ್ವವಾಯು ಬಡಿದ ಆಟೋ ಚಾಲಕನೊಬ್ಬ ಮುಸಲ್ಮಾನ. ಮಕ್ಕಳು ಬಿಟ್ಟುಹೋದ ಅಜ್ಜಿಯೊಬ್ಬರು ನಿತ್ಯವೂ ಆಂಜನೇಯನಿಗೆ ದೀಪವಿಡುವವರು. “ಇವರೆಲ್ಲರ ಹೆಸರನ್ನೂ ಹಬ್ಬಕ್ಕೆ ತೊಗೊಂಡು ಹೋಗ್ತೀವಿ. ನೀವೂ ಬನ್ನಿ ಸಾರ್ ಪೂಜೆಗೆ” ಎಂದು ಅವರು ಕರೆದಾಗ, ಜನ್ಮತಃ ಆ ಮತಕ್ಕೆ ಸೇರದ ನಾನು, ಕುತೂಹಲದಿಂದಲೂ ಸ್ವಲ್ಪ ಸಂಕೋಚದಿಂದಲೂ ಒಪ್ಪಿಕೊಂಡೆ.

ಹಿಂದೆ ಹೀಗೆ ಹೋಗುವವರು ರಾತ್ರಿಯೇ ಹೊರಟು ನಡೆದೇ ಹೋಗುತ್ತಿದ್ದರಂತೆ. ಈಗಲೂ ಕೆಲವರು ಹಾಗೆ ಹೋಗುವುದುಂಟು. ನಾವು ಹೋದದ್ದು ಮೆಟ್ರೊದಲ್ಲಿ. 2015ರ ನವೆಂಬರಿನಲ್ಲಿ ಈ ಭಾಗಕ್ಕೆ ಬಂದ ರೈಲು 2016ರ ಏಪ್ರಿಲಿನಲ್ಲಿ ಸುರಂಗಮಾರ್ಗ ತೆರೆದು ಊರಿನಾಚೆಗೂ ಓಡತೊಡಗಿದಾಗಿನಿಂದ ಪಶ್ಚಿಮದ ಬಡಾವಣೆಗಳಿಗೂ ದಂಡಿನ ಪ್ರದೇಶಕ್ಕೂ (ಕಂಟೋನ್ಮೆಂಟಿಗೂ) ನಡುವೆ ಇದ್ದ ದೂರ, ಭೂಪಟದಲ್ಲಿ ಹಾಗೆಯೇ ಉಳಿದರೂ, ಮನಸ್ಸಿನಲ್ಲಿ ಕುಗ್ಗಿದೆ. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿಗಳನ್ನು ದಾಟಿ ರೈಲು ನೆಲದೊಳಗೆ ಇಳಿಯುವವರೆಗೂ ತಗ್ಗಿದ ಧ್ವನಿಯಲ್ಲಿ ಜಪಸರ ಸಾಗುತ್ತಿತ್ತು. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಶಿವಾಜಿನಗರದ ಕಡೆಗೆ ಹೆಜ್ಜೆಹಾಕಿದೆವು. ರಸೆಲ್ ಮಾರುಕಟ್ಟೆಯ ಸುತ್ತಿನಲ್ಲಿ ಅಂದು ಹೂವು ಮಾರುವವರೂ, ಮೋಂಬತ್ತಿ ಮಾರುವವರೂ, ಪುಟ್ಟ ಸೀರೆಗಳನ್ನು ಹರವಿಕೊಂಡವರೂ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಅವರಲ್ಲಿ ಎಷ್ಟೋ ಮಂದಿ ಮುಸಲ್ಮಾನ ವ್ಯಾಪಾರಿಗಳು.

ಎದುರಿಗೆ ನಿಂತಿರುವ ಗಾಥಿಕ್ ಗೋಪುರದ ಈ ದೇವಾಲಯಕ್ಕೆ ತನ್ನದೇ ಆದ ದೀರ್ಘ ಚರಿತ್ರೆಯುಂಟು. ಸೆಂಜಿಯ ಸೀಮೆಯಿಂದ ವಲಸೆ ಬಂದ ತಮಿಳು ಕ್ರೈಸ್ತರು, ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಈ ಸ್ಥಳದಲ್ಲಿ ಕಾಣಿಕೆ ಮಾತೆಯ ಗುಡಿಯೊಂದನ್ನು ಕಟ್ಟಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಹುಲ್ಲುಗುಡಿಯಲ್ಲಿ ಪೂಜೆ ನೆರವೇರಿಸಿದವರು, ಮೈಸೂರು ನಾಡಿನ ಜನ ದೊಡ್ಡಸ್ವಾಮಿಯವರೆಂದು ಕರೆದ ಫ್ರೆಂಚ್ ಗುರು ಅಬ್ಬೆ ದುಬ್ವಾ. ನಮ್ಮ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥವನ್ನು ಓದಿ ಮುನಿಯುವವರೂ, 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ದೊರೆಯಿತೆಂಬುದನ್ನು ಮರೆಯಲಾಗದು. ಈಗಿನ ಕಟ್ಟಡವನ್ನು 1875ರಲ್ಲಿ ಆರಂಭಿಸಿದವರು ಫಾದರ್ ಕ್ಲೈನರ್. ಅದು ಪ್ರತಿಷ್ಠೆಗೊಂಡದ್ದು 1882ರ ಸೆಪ್ಟೆಂಬರ್ 8ರಂದು, ಇದೇ ಹಬ್ಬದ ದಿನ. 1974ರಲ್ಲಿ ಅದಕ್ಕೆ ಬೆಸಿಲಿಕವೆಂಬ ಪದವಿ ಬಂದಿತು. ಕರ್ನಾಟಕದಲ್ಲಿ ಆ ಗೌರವ ಮೊದಲು ಸಂದದ್ದು ಇದಕ್ಕೇ. ಕಾರ್ಕಳದ ಅತ್ತೂರಿಗೆ 2016ರಲ್ಲಿ, ಕೃಷ್ಣರಾಜನಗರದ ಬಳಿಯ ಡೋರ್ನಹಳ್ಳಿಗೆ 2019ರಲ್ಲಿ ಸಂದಿತು. ಆರಡಿ ಎತ್ತರದ ಮಾತೆಯ ಪ್ರತಿಮೆಗೆ ಇಲ್ಲಿ ಸೀರೆಯುಡಿಸುತ್ತಾರೆ. ಯೂರೋಪಿನ ಕಮಾನುಗಳ ಕೆಳಗೆ ಸೆರಗು ಹೊದ್ದು ನಿಂತ ಆ ತಾಯಿಯನ್ನು ಕಂಡು ಪರಕೀಯಳೆನ್ನಲು ಯಾರಿಗೂ ಬಾಯಿ ಬಾರದು.

ಕನ್ನಡ ಬಲಿಪೂಜೆಯ ಹೊತ್ತಿಗೆ ನಾವು ಒಳಗೆ ಸ್ಥಳ ಸಂಪಾದಿಸಿಕೊಂಡೆವು. ಕನ್ನಡದಲ್ಲಿ ಬಲಿಪೂಜೆ ಎಂಬ ಈ ಮಾತು ಇಂದು ಸಹಜವಾಗಿ ಕೇಳಿಸುತ್ತದೆ. 1960ರ ದಶಕದ ಆರಂಭದಲ್ಲಿ ಅದು ಹಾಗಿರಲಿಲ್ಲ. ಅಂದು ಗುರು ಜನರಿಗೆ ಬೆನ್ನುಮಾಡಿ ಲ್ಯಾಟಿನ್ನಿನಲ್ಲಿ ಮಂತ್ರಗಳನ್ನುಚ್ಚರಿಸುತ್ತಿದ್ದರೆ, ಹಿಂದೆ ಮಂಡಿಯೂರಿದ ಭಕ್ತರು ತಮ್ಮ ಪಾಡಿಗೆ ಜಪಸರ ಹೇಳಿಕೊಳ್ಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಗೆ ದೇಶಭಾಷೆಗಳ ಬಾಗಿಲು ತೆರೆಯಿತು. 1965ರ ನವೆಂಬರಿನಲ್ಲಿ ಶ್ರೀಸಾಮಾನ್ಯರ ಸೇವಾಕಾರ್ಯಕ್ಕೆಂದೇ ಒಂದು ಶಾಸನವನ್ನು ಹೊರಡಿಸಿತು. ಆ ವರ್ಷದ ಮಹಾಸಭೆಗೆ ವೀಕ್ಷಕರಾಗಿ ಆಹ್ವಾನಿತರಾದ ಶ್ರೀಸಾಮಾನ್ಯರಲ್ಲಿ ಡಬ್ಲಿನ್ನಿನ ಆ ನಿವೃತ್ತ ನೌಕರ ಫ್ರಾಂಕ್ ಡಫ್‌ನೂ ಒಬ್ಬ. ಬಾಗಿಲು ತೆರೆದ ಮಾತ್ರಕ್ಕೆ ಕನ್ನಡ ಒಳಗೆ ಬಂದುಬಿಡಲಿಲ್ಲ. ಬೆಂಗಳೂರಿನ ದೇವಾಲಯಗಳಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ದೊರಕಿಸಲು ಕನ್ನಡ ಕ್ರೈಸ್ತರು ದಶಕಗಳ ಕಾಲ, ಕೆಲವೊಮ್ಮೆ ಬಹಳ ಕಹಿಯಾಗಿ, ಹೋರಾಡಬೇಕಾಯಿತು. ಇಂದು ಒಂದೇ ಪೀಠದ ಮೇಲೆ, ಒಂದೇ ದಿನ, ತಮಿಳು, ಕನ್ನಡ, ಇಂಗ್ಲಿಷ್ ಪೂಜೆಗಳು ಸರದಿಯಲ್ಲಿ ಸಲ್ಲುವಾಗ, ಆ ಸರದಿಯ ಹಿಂದೆ ಎಷ್ಟು ಮಂದಿಯ ಹಟವೂ ತಾಳ್ಮೆಯೂ ಅಡಗಿವೆಯೆಂಬುದನ್ನು ನೆನೆಯುವುದು ಉಚಿತ.

ನಮ್ಮ ದೇವಾಲಯಗಳ ಪರಿಚಯವುಳ್ಳವನಿಗೆ ಅಲ್ಲಿನ ಅನೇಕ ವಿಧಿಗಳು ಹೊಸವೆನಿಸುವುದಿಲ್ಲ. ಎಣ್ಣೆಯ ದೀಪ, ಧೂಪ, ಆರತಿ, ಅಂಜಲಿಬದ್ಧವಾದ ನಮನ ಇವುಗಳಿಗೆ ಭಾರತದ ಕಥೋಲಿಕ ಆರಾಧನೆಯಲ್ಲಿ ಅಧಿಕೃತವಾದ ಅವಕಾಶ ದೊರೆತದ್ದು 1969ರ ಏಪ್ರಿಲಿನಲ್ಲಿ, ರೋಮ್ ಅಂಗೀಕರಿಸಿದ ಹನ್ನೆರಡು ಅಂಶಗಳ ಮೂಲಕ. ಆ ಪ್ರಯತ್ನದ ಮುಂದಾಳು ಫಾದರ್ ಅಮಲೋರ್‌ಪವದಾಸ್. ಅವರು ಕಟ್ಟಿ ಬೆಳೆಸಿದ ಬೈಬಲ್, ಧರ್ಮಬೋಧೆ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರ ಈ ಬೆಂಗಳೂರಿನಲ್ಲಿಯೇ ಇದೆ.

ಅಂದಿನ ದೈವವಾಚನಗಳು ನನ್ನನ್ನು ಗಾಢವಾಗಿ ಯೋಚನೆಗೆ ಹಚ್ಚಿದವು. ಮೊದಲನೆಯದು ಮೀಕ ಎಂಬ ಪ್ರವಾದಿಯದು: ಯೂದ ನಾಡಿನ ಕುಲಗಳಲ್ಲೆಲ್ಲ ಅತ್ಯಲ್ಪವಾದ ಬೆತ್ಲೆಹೇಮಿನಿಂದ ಒಡೆಯನು ಹೊರಡುವನೆಂಬ ವಚನ. ಎರಡನೆಯದು ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯ, ಅಂದರೆ ವಂಶಾವಳಿ. ಸಂಕ್ಷಿಪ್ತ ಪಾಠಕ್ಕೆ ಅವಕಾಶವಿದ್ದರೂ ಗುರುಗಳು ಅಂದು ಪೂರ್ಣಪಾಠವನ್ನೇ ಓದಿದರು. ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ, ಅಲ್ಲಿಂದ ಕ್ರಿಸ್ತನವರೆಗೆ, ಹದಿನಾಲ್ಕು ಹದಿನಾಲ್ಕು ತಲೆಗಳ ಮೂರು ಕಂತುಗಳಲ್ಲಿ ಹೆಸರಿನ ಮೇಲೆ ಹೆಸರು. ನಡುವೆ ಗಂಡಸರ ಸಾಲನ್ನು ಭೇದಿಸಿಕೊಂಡು ನಾಲ್ವರು ಹೆಂಗಸರು ಬರುತ್ತಾರೆ: ತಾಮಾರಳು, ರಹಾಬಳು, ರೂತಳು, ಊರೀಯನ ಹೆಂಡತಿ. ಇವರಲ್ಲಿ ಪರನಾಡಿನವರಿದ್ದಾರೆ, ಲೋಕಾಪವಾದಕ್ಕೆ ಗುರಿಯಾದವರಿದ್ದಾರೆ. ಕಡೆಯ ಕಂತಿನಲ್ಲಿ ಬರುವ ಅಜೋರ, ಅಖೀಮ, ಎಲಿಹೂದ ಎಂಬವರ ವಿಷಯವಾಗಿ ಬೇರೆಲ್ಲಿಯೂ ಒಂದು ಮಾತಿಲ್ಲ. ಅವರು ಬದುಕಿದ್ದರೆಂಬುದಕ್ಕೆ ಉಳಿದಿರುವ ಸಾಕ್ಷ್ಯ ಈ ಪಟ್ಟಿಯೊಂದೇ. ಇನ್ನೂ ವಿಸ್ಮಯವೆಂದರೆ, ಯಾರ ಹುಟ್ಟುಹಬ್ಬಕ್ಕೆಂದು ಇದನ್ನು ಓದುತ್ತಾರೋ ಆ ಮರಿಯಮ್ಮನ ತಾಯಿತಂದೆಗಳ ಹೆಸರು ಇದರಲ್ಲಿಲ್ಲ. ಅನ್ನಮ್ಮ, ಜೋವಾಕಿಮರೆಂಬ ಹೆಸರುಗಳು ಬಂದದ್ದು ನಾಲ್ಕು ಶುಭಸಂದೇಶಗಳ ಹೊರಗಿನ ಪುರಾತನ ಸಂಪ್ರದಾಯದಿಂದ. ಸಂತರನ್ನು ಸಾಮಾನ್ಯವಾಗಿ ಅವರ ಮರಣದ ದಿನ ಸ್ಮರಿಸುವ ಧರ್ಮಸಭೆ ಹುಟ್ಟಿದ ದಿನವನ್ನು ಆಚರಿಸುವುದು ಮೂವರಿಗೆ ಮಾತ್ರ: ಯೇಸು, ಸ್ನಾನಿಕ ಯೊವಾನ್ನ, ಮರಿಯಮ್ಮ. ಅಷ್ಟು ವಿರಳವಾದ ಗೌರವಕ್ಕೆ ಪಾತ್ರಳಾದವಳ ಹಬ್ಬದಲ್ಲಿ ಓದುವುದು ಬೇರೆಯವರ ಹೆಸರುಗಳನ್ನು!

ಆ ಕ್ಷಣದಲ್ಲಿ ನನ್ನ ಕಣ್ಣು ಟೀಚರಮ್ಮನವರ ಮಡಿಲಿನಲ್ಲಿದ್ದ ಕೈಚೀಲದ ಕಡೆಗೆ ಹೊರಳಿತು. ಅದರೊಳಗಿನ ನೋಟ್ ಪುಸ್ತಕವೂ ಅಂಥದೇ ಒಂದು ಪಟ್ಟಿ. ಚರಿತ್ರೆ ತಮ್ಮನ್ನು ಬರೆದಿಡುವುದೆಂಬ ಆಸೆಯಿಲ್ಲದ, ನೆರೆಯ ನಾಯಂಡಹಳ್ಳಿಯ ಆಚೀಚಿನ ಗಲ್ಲಿಗಳ ಜನರನ್ನು ಯಾರೋ ಒಬ್ಬರು ಹೆಸರು ಹಿಡಿದು ನೆನೆದಿದ್ದಾರೆ ಎಂಬುದಕ್ಕೆ ಅದು ದಾಖಲೆ. ಬಲಿಪೂಜೆ ಸಲ್ಲುವುದು ದೇವರಿಗೆ, ಮರಿಯಮ್ಮನಿಗಲ್ಲ ಎಂಬುದನ್ನು ಕಥೋಲಿಕರು ಖಚಿತವಾಗಿ ಹೇಳುತ್ತಾರೆ. ಆಕೆ ಕೊಡುವವಳಲ್ಲ, ನಮ್ಮ ಪರವಾಗಿ ಕೇಳುವವಳು. ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ತೀರಿದುದನ್ನು ಮೊದಲು ಗಮನಿಸಿ, ಆ ಮನೆಯವರು ಬಾಯಿಬಿಡುವ ಮುನ್ನವೇ ಅವರ ಕೊರತೆಯನ್ನು ಮಗನಿಗೆ ತಿಳಿಸಿದವಳು ಆಕೆ. ಹಾಗೆ ನೋಡಿದರೆ ಪರರ ಪರವಾಗಿ ಕೇಳಲು ಬಂದ ಈ ಗುಂಪು ಆಕೆಯ ಹಬ್ಬಕ್ಕೆ ತರಬಹುದಾದ ಅತ್ಯುಚಿತವಾದ ಉಡುಗೊರೆಯನ್ನೇ ತಂದಿತ್ತು. ಆಕೆಯ ಕೆಲಸವನ್ನೇ ತಮ್ಮ ಕೆಲಸವಾಗಿ ಮಾಡಿಕೊಂಡು ಬಂದಿತ್ತು.

ಕಾಣಿಕೆಯ ಅರ್ಪಣೆಯ ಹೊತ್ತಿನಲ್ಲಿ ರೊಟ್ಟಿ, ದ್ರಾಕ್ಷಾರಸಗಳು ಪೀಠಕ್ಕೆ ಹೋದವು. ಪರಮಪ್ರಸಾದದ ಸಾಲು ಏರ್ಪಟ್ಟಾಗ ನಾನು ನನ್ನ ಬೆಂಚಿನಲ್ಲಿಯೇ ಉಳಿದೆ. ದೀಕ್ಷಾಸ್ನಾನ ಪಡೆದು ಆ ಸಭೆಯ ವಿಶ್ವಾಸದಲ್ಲಿರುವವರಿಗೆ ಮಾತ್ರ ಅದು ಸಲ್ಲುವುದು. ಹೊರಗಿನವನೆಂಬ ಅರಿವು ಆಗ ಸ್ಪಷ್ಟವಾಗಿಯೇ ಇತ್ತು, ಆದರೆ ಅದರಲ್ಲಿ ನೋವಿರಲಿಲ್ಲ. ಒಂದು ಮನೆಯಲ್ಲಿ ಅತಿಥಿಗೆ ನಡುಮನೆ ತೆರೆದಿದ್ದು ದೇವರಕೋಣೆ ಮುಚ್ಚಿದ್ದರೆ ಅತಿಥಿ ಅದನ್ನು ಅವಮಾನವೆಂದು ತಿಳಿಯುವನೆ? ಆ ಮಿತಿಯನ್ನು ಗೌರವಿಸುವುದೇ ಆತಿಥ್ಯಕ್ಕೆ ಅತಿಥಿ ಸಲ್ಲಿಸುವ ಮರ್ಯಾದೆ.

ಪೂಜೆ ಮುಗಿದ ಮೇಲೆ, ಹೊರಗೆ ಮೋಂಬತ್ತಿ ಹಚ್ಚುವ ಸ್ಥಳದಲ್ಲಿ, ಗುಂಪಿನವರು ವೃತ್ತಾಕಾರವಾಗಿ ನಿಂತರು. ಟೀಚರಮ್ಮ ಪುಸ್ತಕ ತೆರೆದು ಹೆಸರುಗಳನ್ನಷ್ಟೇ ಓದುತ್ತ ಹೋದರು. ಒಂದೊಂದು ಹೆಸರಿಗೂ ಒಬ್ಬೊಬ್ಬರು ಮುಂದೆ ಬಂದು ಒಂದೊಂದು ಮೋಂಬತ್ತಿ ಹಚ್ಚಿದರು. ಯಾವ ಹೆಸರಿಗೆ ಯಾವ ಸಂಕಟವೆಂಬುದು ಹಚ್ಚಿದವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆಂಜನೇಯನಿಗೆ ದೀಪವಿಡುವ ಅಜ್ಜಿಯ ಹೆಸರು ಬಂದಾಗ ಕಾಲೇಜಿನ ಹುಡುಗನೊಬ್ಬ ನನ್ನ ಕಡೆ ತಿರುಗಿ, “ಇದನ್ನ ನೀವು ಹಚ್ಚಿ ಅಂಕಲ್” ಎಂದ. ಆ ಅಜ್ಜಿ ಯಾರೆಂಬುದನ್ನರಿಯದೆಯೇ ಆಕೆಗಾಗಿ ನಾನು ಹಚ್ಚಿದೆ. ಅರಿಯದವರಿಗಾಗಿ ಏನನ್ನಾದರೂ ಕೇಳಿಕೊಳ್ಳುವುದು ನಾನೆಣಿಸಿದ್ದಕ್ಕಿಂತ ಕಷ್ಟ. ನಮ್ಮ ಸ್ವಂತ ಬೇಡಿಕೆಗಳಿಗೆ ಮಾತು ತಾನಾಗಿ ಒದಗುತ್ತದೆ; ಪರರ ಬೇಡಿಕೆಗೆ ಮಾತು ಬೇಕಾದರೆ ಮೊದಲು ಅವರ ಮನೆಯ ಬಾಗಿಲು ತಟ್ಟಿ, ಒಳಗೆ ಕುಳಿತು, ಅವರ ಮಾತನ್ನು ಕೇಳಿರಬೇಕು. ಆ ಸಂಘದ ಶುಷ್ಕ ನಿಯಮಗಳ ಉದ್ದೇಶ ನನಗೆ ಆಗ ಅರ್ಥವಾಯಿತು.

ಸಂಜೆಯ ತೇರನ್ನು ಪತ್ರಿಕೆಗಳು ಪ್ರತಿವರ್ಷವೂ ವರ್ಣಿಸುತ್ತವೆ. ಹೂವಿನ ಅಲಂಕಾರ, ವಿದ್ಯುದ್ದೀಪಗಳ ಮಾಲೆ, ಶಿವಾಜಿನಗರದ ಬೀದಿಗಳಲ್ಲಿ ತುಂಬಿ ಹರಿಯುವ ಜನ, ಮಹಡಿಗಳಿಂದ ಹೂವೆರಚುವ ಸರ್ವಮತೀಯರು, ಇವುಗಳನ್ನು ನಾನು ಮತ್ತೆ ವಿಸ್ತರಿಸಬೇಕಾಗಿಲ್ಲ. ಗುಂಪಿನವರಲ್ಲಿ ಕೆಲವರು ತೇರಿಗೆ ಉಳಿದರು; ಮರುದಿನ ಬೆಳಗಿನ ಪಾಳಿಯ ಹೆಣ್ಣುಮಕ್ಕಳು ಬೇಗ ಹಿಂದಿರುಗಿದರು. ಹಬ್ಬದ ಮುಂದಿನ ವಾರ ಅವರ ಸಭೆ ಎಂದಿನಂತೆ ಕೂಡಿತು. ಹೋದವರೆಷ್ಟು, ಹಚ್ಚಿದ ಮೋಂಬತ್ತಿಯೆಷ್ಟು ಎಂಬುದು ನಡವಳಿಯಲ್ಲಿ ಒಂದು ಸಾಲಿನಲ್ಲಿ ಮುಗಿಯಿತಂತೆ. ಮಿಕ್ಕ ಹೊತ್ತೆಲ್ಲ, ಆಟೋ ಚಾಲಕನ ಮನೆಗೆ ಈ ವಾರ ಯಾರು ಹೋಗಬೇಕು, ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಯಾರಿಗೆ ರಜೆಯಿದೆ ಎಂಬ ಹಂಚಿಕೆಗೆ ವ್ಯಯವಾಯಿತು. ಹೊಸದಾಗಿ ಮೂರು ಹೆಸರುಗಳು ಪುಸ್ತಕಕ್ಕೆ ಸೇರಿದವು.

ವಾರ್ಷಿಕ ಮಹೋತ್ಸವಗಳನ್ನು ಅವುಗಳ ಜನಸಂಖ್ಯೆಯಿಂದಲೂ ವೈಭವದಿಂದಲೂ ಅಳೆಯುವುದು ನಮಗೆಲ್ಲ ರೂಢಿಯಾಗಿದೆ. ಆ ಅಳತೆ ತಪ್ಪೆಂದು ನಾನು ಹೇಳಲಾರೆ. ಸಹಸ್ರಾರು ಜನ ಒಟ್ಟಿಗೆ ತಲೆಬಾಗುವ ದೃಶ್ಯಕ್ಕೆ ತನ್ನದೇ ಆದ ಘನತೆಯುಂಟು. ಆದರೆ ತೇರಿನ ಮುಂದೆ ಕೈಮುಗಿಯುವವರು, ಯಾವುದೋ ಬಡಾವಣೆಯ ನಡುಕೋಣೆಯಲ್ಲಿ ಬಿಳಿಯ ವಸ್ತ್ರ ಹಾಸಿದ ಮೇಜಿನ ಮೇಲಿರುವ ಆ ನಡವಳಿ ಪುಸ್ತಕಕ್ಕೂ ಮನಸ್ಸಿನಲ್ಲಿಯೇ ಒಂದು ನಮಸ್ಕಾರ ಸಲ್ಲಿಸಬೇಕೆಂದು ನನಗೆ ತೋರುತ್ತದೆ. ವಾರವಾರವೂ ಯಾರಾದರೂ ಅದನ್ನು ತೆರೆಯುತ್ತಿರುವುದರಿಂದಲೇ ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಹೊತ್ತೊಯ್ಯಲು ಹೆಸರುಗಳಿರುತ್ತವೆ.